ಸೆಲ್ಬೋರ್ನ್: ಮನೆ ನೋಡಿ ವಾಪಸ್ ಬರಬೇಡಿ, ಗುಡ್ಡ ಹತ್ತಿ

ಈ ಮೇ ತಿಂಗಳಲ್ಲಿ ಮಕ್ಕಳ ಮನೆಗೆಂದು ಇಂಗ್ಲೆಂಡಿಗೆ ಹೊರಟವರು ನಮ್ಮ ತೀರ್ಥಹಳ್ಳಿ ಕಡೆಯಲ್ಲೇ ಮೂರು ಮನೆಯವರಿದ್ದಾರೆ. ಅಡಿಕೆ ಕೆಲಸ ಮುಗಿದಿದೆ, ಮಳೆ ಹಿಡಿಯಲು ಇನ್ನೂ ದಿನ ಇದೆ, ಹೋಗಿ ಬರಲು ಇದೇ ಸರಿಯಾದ ಹೊತ್ತು. ಮೂರೂ ಮನೆಯವರು ನನ್ನನ್ನು ಕೇಳಿದ್ದು ಒಂದೇ ಮಾತು. "ಲಂಡನ್ ಎಲ್ಲರೂ ನೋಡ್ತಾರೆ, ಅದು ಬಿಟ್ಟು ಒಂದು ಹಳ್ಳಿ ಅಂತ ನೋಡೋದಾದ್ರೆ ಯಾವುದು ಮಾರಾಯ್ರೇ?" ಕಳೆದ ವರ್ಷ ಮಗಳ ಮನೆಯಲ್ಲಿ ಆರು ವಾರ ಇದ್ದೆವು. ಅದರಲ್ಲಿ ನಾನು ಮೂರು ಸಲ ಹೋದದ್ದು ಒಂದೇ ಊರಿಗೆ. ಫೋನಿನಲ್ಲಿ ಮೂರು ಸಲ ಹೇಳುವ ಬದಲು ಎಲ್ಲರಿಗೂ ಆಗುವ ಹಾಗೆ ಬರೆದೇ ಬಿಡುತ್ತೇನೆ.

ಊರಿನ ಹೆಸರು ಸೆಲ್ಬೋರ್ನ್. ಹ್ಯಾಂಪ್‌ಶೈರ್ ಜಿಲ್ಲೆಯಲ್ಲಿದೆ. 2010ರಲ್ಲಿ ಆದ ಸೌತ್ ಡೌನ್ಸ್ ರಾಷ್ಟ್ರೀಯ ಉದ್ಯಾನದ ಒಳಗೆ ಬರುತ್ತದೆ. ಉದ್ಯಾನ ಅಂದ ಕೂಡಲೇ ನಮ್ಮ ಕುದುರೆಮುಖದ ಹಾಗೆ ಜನ ಇಲ್ಲದ ಕಾಡು ಅಂದುಕೊಳ್ಳಬೇಡಿ. ಅಲ್ಲಿ ಉದ್ಯಾನದ ಒಳಗೇ ಊರು, ಗದ್ದೆ, ದನ, ಕುರಿ ಎಲ್ಲ ಇವೆ. ಜನ ಹಿಂದಿನಿಂದ ಹೇಗಿದ್ದರೋ ಹಾಗೇ ಇದ್ದಾರೆ.

ಈ ಊರು ಹೆಸರಾದದ್ದು ಒಬ್ಬ ಮನುಷ್ಯನಿಂದ. ಗಿಲ್ಬರ್ಟ್ ವೈಟ್ ಅಂತ. 1720ರಲ್ಲಿ ಇದೇ ಊರಿನಲ್ಲಿ ಹುಟ್ಟಿ, 1793ರಲ್ಲಿ ಇದೇ ಊರಿನಲ್ಲಿ ತೀರಿಕೊಂಡವರು. ಚರ್ಚಿನಲ್ಲಿ ಸಹಾಯಕ ಪಾದ್ರಿ. ಸ್ವಂತ ಊರಿನ ಮುಖ್ಯ ಪಾದ್ರಿ ಆಗಲು ಆಗಲಿಲ್ಲ, ಯಾಕಂದ್ರೆ ಆ ಹುದ್ದೆ ಕೊಡುವ ಹಕ್ಕು ಆಕ್ಸ್‌ಫರ್ಡಿನ ಮ್ಯಾಗ್ಡಲೆನ್ ಕಾಲೇಜಿನದು, ಇವರು ಓದಿದ್ದು ಓರಿಯಲ್ ಕಾಲೇಜಿನಲ್ಲಿ. ಬೇರೆ ಕಡೆ ದೊಡ್ಡ ಕೆಲಸ ಹಿಡಿಯಬಹುದಿತ್ತು, ಊರು ಬಿಟ್ಟು ಹೋಗಲಿಲ್ಲ. ಊರಿನ ಹಕ್ಕಿ, ಹುಳ, ಮರ, ಮಳೆ, ಮಣ್ಣು, ಇಷ್ಟನ್ನೇ ನಲವತ್ತು ವರ್ಷ ನೋಡಿದರು, ದಿನಾ ಬರೆದರು. ನೋಡಿದ್ದನ್ನು ಇಬ್ಬರು ಸ್ನೇಹಿತರಿಗೆ ಕಾಗದ ಬರೆದು ತಿಳಿಸುತ್ತಿದ್ದರು. ಆ ಕಾಗದಗಳೇ ಸೇರಿ 1789ರಲ್ಲಿ ಪುಸ್ತಕವಾಯಿತು, ಇವತ್ತಿಗೂ ಅಚ್ಚಾಗುತ್ತಲೇ ಇದೆ.

ನಾನು ಪುಸ್ತಕದ ಮನುಷ್ಯ ಅಲ್ಲ, ತೋಟದವನು. ಆದರೂ ಈ ಊರು ನನ್ನನ್ನು ಹಿಡಿದು ನಿಲ್ಲಿಸಿದ್ದಕ್ಕೆ ಕಾರಣ ಮಳೆ. ನಮ್ಮ ಅಪ್ಪಯ್ಯ ದಿನಾ ಬೆಳಿಗ್ಗೆ ಎಂಟೂವರೆಗೆ ಅಂಗಳದ ಮಳೆ ಮಾಪಕದ ನೀರನ್ನು ಗಾಜಿನ ಕೊಳವೆಗೆ ಹೊಯ್ದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಇಂಚು ಸೆಂಟ್ಸ್ ಲೆಕ್ಕದಲ್ಲಿ ಡೈರಿಗೆ ಬರೆಯುತ್ತಿದ್ದರು. ಪುನರ್ವಸು ಎಷ್ಟು ಹೊಡೆಯಿತು, ಪುಷ್ಯ ಎಷ್ಟು, ಮಘೆ ಕೈಕೊಟ್ಟಿತಾ, ಎಲ್ಲ ಅದರಲ್ಲಿರುತ್ತಿತ್ತು. ಮಲೆನಾಡಿನ ತೋಟದ ಮನೆಗಳಲ್ಲಿ ಇಂಥ ಡೈರಿ ಎಷ್ಟೋ ಇವೆ. ಸೆಲ್ಬೋರ್ನಿನ ಪಾದ್ರಿಯೂ 1779ರ ಮೇ ತಿಂಗಳಿಂದ ಇದೇ ಕೆಲಸ ಮಾಡಿದ್ದಾರೆ. 1782ರಲ್ಲಿ ವರ್ಷಕ್ಕೆ 50.26 ಇಂಚು ಬಂತು ಅಂತ ಬರೆದು, ಪಕ್ಕದಲ್ಲಿ ಒಂದು ಆಶ್ಚರ್ಯದ ಗುರುತು ಹಾಕಿದ್ದಾರೆ. ಬೇರೆ ಹೆಚ್ಚಿನ ವರ್ಷಗಳೆಲ್ಲ ಅವರಿಗೆ 30ರ ಆಸುಪಾಸು. ನಮ್ಮ ಆಗುಂಬೆಯಲ್ಲಿ ಸರಾಸರಿ ವರ್ಷಕ್ಕೆ 7,000 ಮಿ.ಮೀ. ದಾಟುತ್ತದೆ, ಅಂದರೆ 275 ಇಂಚಿಗೂ ಮೇಲೆ. ಅವರ ಆ ಮಹಾ ಮಳೆಯ ವರ್ಷವನ್ನು ನಾವು ಜುಲೈ ಒಂದೇ ತಿಂಗಳಲ್ಲಿ ದಾಟಿ ಹೋಗುತ್ತೇವೆ. ಆದರೆ ಆ ಆಶ್ಚರ್ಯದ ಗುರುತು ಇದೆಯಲ್ಲ, ಅದು ನನಗೆ ಪೂರ್ತಿ ಅರ್ಥ ಆಯಿತು. ಅಪ್ಪಯ್ಯ ಜೋರು ಮಳೆಯ ದಿನ ಅಂಕಿಯ ಕೆಳಗೆ ಎರಡು ಗೆರೆ ಎಳೆಯುತ್ತಿದ್ದರು.

ಈಗ ಹೋಗುವ ದಾರಿ. ಲಂಡನ್ನಿನ ವಾಟರ್‌ಲೂ ನಿಲ್ದಾಣದಿಂದ ಆಲ್ಟನ್‌ಗೆ ನೇರ ರೈಲು ಇದೆ. ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಆಲ್ಟನ್ ಆ ರೈಲಿನ ಕೊನೆಯ ನಿಲ್ದಾಣ, ಹಾಗಾಗಿ ಇಳಿಯುವುದು ತಪ್ಪಿ ಹೋಗುತ್ತದೆ ಅನ್ನುವ ಭಯ ಇಲ್ಲ. ಅಲ್ಲಿಂದ ಸೆಲ್ಬೋರ್ನ್ ನಾಲ್ಕು ಮೈಲಿ ಚಿಲ್ಲರೆ. ಬಸ್ಸು ಇದೆ, ಆದರೆ ನಮ್ಮ ಒಳ ಊರುಗಳ ಬಸ್ಸಿನ ಹಾಗೆ, ಒಂದು ತಪ್ಪಿದರೆ ತುಂಬಾ ಹೊತ್ತು ಕಾಯಬೇಕು. ಭಾನುವಾರ ಬಸ್ಸು ನಂಬಿ ಹೋಗಬೇಡಿ. ನಾವು ಮೊದಲ ಸಲ ಅಳಿಯನ ಕಾರಿನಲ್ಲಿ ಹೋದೆವು. ಎರಡನೇ ಸಲ ನಾನೂ ನನ್ನ ಹೆಂಡತಿಯೂ ರೈಲು, ಬಸ್ಸು ಹಿಡಿದು ಹೋಗಿ ಎರಡು ರಾತ್ರಿ ಉಳಿದೆವು. ಮೂರನೇ ಸಲ ನಾನೊಬ್ಬನೇ.

ಕಾರಿನಲ್ಲಿ ಹೋದ ಮೊದಲ ಸಲ ನಾವು ಮಾಡಿದ ತಪ್ಪನ್ನೇ ಎಲ್ಲರೂ ಮಾಡುತ್ತಾರೆ. ಮನೆ ನೋಡಿದೆವು, ಟೀ ಕುಡಿದೆವು, ಫೋಟೋ ತೆಗೆದೆವು, ಹೊರಟೆವು. ಎರಡೂವರೆ ಗಂಟೆ. ಕುಪ್ಪಳಿಗೆ ಬಂದವರು ಕವಿಮನೆ ನೋಡಿಕೊಂಡು, ಕವಿಶೈಲಕ್ಕೆ ಹತ್ತದೆ ಬಸ್ಸು ಹತ್ತಿದ ಹಾಗೆ. ಕುಪ್ಪಳಿ ನೋಡಿದವರಿಗೆ ಸೆಲ್ಬೋರ್ನ್ ಬೇಗ ಗೊತ್ತಾಗುತ್ತದೆ. ಅಲ್ಲೂ ಕೆಳಗೆ ಮನೆ, ಬೆನ್ನಿಗೆ ಗುಡ್ಡ, ಮನೆಯಿಂದ ಗುಡ್ಡಕ್ಕೆ ಕಾಲುದಾರಿ. ಬರೆದವರು ದಿನಾ ಹತ್ತಿ ಇಳಿದ ದಾರಿ ಅದು. ಅದನ್ನು ಬಿಟ್ಟರೆ ಅರ್ಧ ಊರು ಬಿಟ್ಟ ಹಾಗೆ.

ಆದರೂ ಮನೆಯಿಂದಲೇ ಶುರು ಮಾಡಿ. ಊರಿನ ಒಂದೇ ಬೀದಿಯ ಮೇಲೆ, ಚರ್ಚಿನ ಹತ್ತಿರ ಇದೆ. ಹೆಸರು ದಿ ವೇಕ್ಸ್. 1955ರಿಂದ ಮ್ಯೂಸಿಯಂ ಆಗಿದೆ. ಮ್ಯೂಸಿಯಂ ಮಾಡಲು ಹಣ ಕೊಟ್ಟದ್ದು ಓಟ್ಸ್ ಅನ್ನುವ ಕುಟುಂಬದವರು, ಹಾಗಾಗಿ ಮನೆಯ ಒಂದು ಭಾಗ ಅವರ ಮನೆಯವರ ಕಥೆಗೆ ಮೀಸಲು. ದಕ್ಷಿಣ ಧ್ರುವಕ್ಕೆ ಹೋದ ಸ್ಕಾಟ್ ತಂಡದಲ್ಲಿದ್ದ, 1912ರಲ್ಲಿ ಜೊತೆಯವರಿಗೆ ಹೊರೆ ಆಗಬಾರದು ಅಂತ ಹಿಮಗಾಳಿಗೆ ಎದ್ದು ಹೋದ ಲಾರೆನ್ಸ್ ಓಟ್ಸ್ ಅದೇ ಮನೆತನ. ದೊಡ್ಡ ಕಥೆಯೇ. ಮಕ್ಕಳಿಗೆ ಅದು ಜಾಸ್ತಿ ಹಿಡಿಸಬಹುದು. ನನಗೆ ಅದು ಬೇರೆ ಊರಿನ ಕಥೆ ಅನ್ನಿಸಿತು, ಹೊತ್ತು ಕಡಿಮೆ ಇದ್ದರೆ ಅಲ್ಲಿ ಬೇಗ ನೋಡಿ ಮುಂದೆ ಹೋಗಿ.

ನಿಲ್ಲಬೇಕಾದದ್ದು ವೈಟ್ ಅವರ ಕೈಬರಹದ ಮುಂದೆ. ಅವರ ಪುಸ್ತಕದ ಮೂಲ ಹಸ್ತಪ್ರತಿ ಈ ಮನೆಯಲ್ಲೇ ಇದೆ. ಕಂದು ಬಣ್ಣಕ್ಕೆ ತಿರುಗಿದ ಶಾಯಿ, ಸಣ್ಣ ಓರೆ ಅಕ್ಷರ. ಬರೆದದ್ದನ್ನು ಹೊಡೆದು ಮೇಲೆ ಬೇರೆ ಮಾತು ಸೇರಿಸಿದ್ದು ಕಾಣುತ್ತದೆ. ನನ್ನ ಹೆಂಡತಿ ಅದನ್ನು ನೋಡಿ "ನಿಮ್ಮ ಅಪ್ಪಯ್ಯನ ಅಕ್ಷರದ ಹಾಗೇ ಉಂಟು" ಅಂದಳು. ಅಕ್ಷರ ಬೇರೆಯೇ, ಭಾಷೆಯೂ ಬೇರೆ. ಆದರೆ ಅವಳು ಹೇಳಿದ್ದು ನನಗೆ ಗೊತ್ತಾಯಿತು. ದಿನಾ ಬರೆಯುವವನ ಕೈ ಅದು, ಯಾರೋ ಓದುತ್ತಾರೆ ಅಂತ ಚಂದ ಮಾಡಿ ಬರೆದದ್ದಲ್ಲ.

ಮನೆಯ ಹಿಂದಿನ ತೋಟಕ್ಕೆ ಒಂದು ಗಂಟೆಯಾದರೂ ಇಡಿ. ತೋಟದ ಕೊನೆಯಲ್ಲಿ ಹಾ-ಹಾ ಅಂತ ಒಂದು ಇದೆ, 1761ರಲ್ಲಿ ವೈಟ್ ಮಾಡಿಸಿದ್ದು. ಮಗಳು ಅದನ್ನು ಇಂಗ್ಲಿಷಿನಲ್ಲಿ ವಿವರಿಸಲು ಹೊರಟಳು. ನೋಡಿದ ಕೂಡಲೇ ನಾನು "ಇದು ಅಗಳು ಅಲ್ವಾ" ಅಂದೆ. ನಾವು ತೋಟಕ್ಕೆ ದನ ಬರದ ಹಾಗೆ ಸುತ್ತ ತೋಡುವ ಅಗಳೇ ಅದು. ಒಂದು ಬದಿಗೆ ಕಲ್ಲು ಕಟ್ಟಿದ್ದಾರೆ, ಇನ್ನೊಂದು ಬದಿ ಇಳಿಜಾರು. ಬೇಲಿ ಇಲ್ಲ, ಹಾಗಾಗಿ ಮನೆಯಲ್ಲಿ ಕೂತು ನೋಡಿದರೆ ಹುಲ್ಲು ನೇರ ಗುಡ್ಡದವರೆಗೆ ಹಾಸಿದ ಹಾಗೆ ಕಾಣುತ್ತದೆ, ದನ ಮಾತ್ರ ಒಳಗೆ ಬರುವುದಿಲ್ಲ. ಹಲಗೆಯಲ್ಲಿ ಕತ್ತರಿಸಿ ಬಣ್ಣ ಬಳಿದ ಹರ್ಕ್ಯುಲಿಸ್ ಬೊಂಬೆ ಒಂದು ದೂರದಲ್ಲಿ ನಿಂತಿದೆ, ಕಲ್ಲಿನ ಮೂರ್ತಿಗೆ ದುಡ್ಡಿಲ್ಲದೆ ವೈಟ್ ಮಾಡಿಕೊಂಡ ಉಪಾಯವಂತೆ ಅದು. ಪೀಪಾಯಿಯಿಂದ ಮಾಡಿದ ಒಂದು ಕೂರುವ ಗೂಡು ಇದೆ, ಗಾಳಿ ಬಂದ ಕಡೆಗೆ ಬೆನ್ನು ತಿರುಗಿಸಿಕೊಂಡು ಕೂರಬಹುದು. ಈ ತೋಟದಲ್ಲೇ ಟಿಮೊಥಿ ಅಂತ ಒಂದು ಆಮೆ ಇತ್ತು. ಸೋದರತ್ತೆ ಸತ್ತ ಮೇಲೆ 1780ರಲ್ಲಿ ವೈಟ್ ಅವರ ಕೈಗೆ ಬಂದದ್ದು. ತಕ್ಕಡಿಯಲ್ಲಿಟ್ಟು ತೂಕ ನೋಡುತ್ತಿದ್ದರು, ಯಾವಾಗ ಮಣ್ಣಿಗೆ ಇಳಿಯುತ್ತದೆ, ಯಾವಾಗ ಏಳುತ್ತದೆ ಅಂತ ಬರೆದಿಡುತ್ತಿದ್ದರು. ಗಂಡು ಹೆಸರಿಟ್ಟು ಸಾಕಿದ ಆ ಆಮೆ ಹೆಣ್ಣು ಅಂತ ಆಮೇಲೆ ಗೊತ್ತಾಯಿತು. ಅದರ ಚಿಪ್ಪು ಈಗ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿದೆ.

ಇನ್ನು ಗುಡ್ಡ. ನಾನು ಇಷ್ಟು ಬರೆಯುತ್ತಿರುವುದೇ ಇದಕ್ಕೆ.

ಊರಿನ ಬೆನ್ನಿಗೆ ಸುಣ್ಣಕಲ್ಲಿನ ಗುಡ್ಡ 300 ಅಡಿ ಎದ್ದು ನಿಂತಿದೆ. ಅದರ ಕಡಿದಾದ ಮೈಗೆ ಅಂಟಿಕೊಂಡ ಹಾಗೆ ಬೀಚ್ ಮರಗಳ ಕಾಡು. ಇಂಥ ಕಾಡಿಗೆ ಅಲ್ಲಿಯವರು ಹ್ಯಾಂಗರ್ ಅನ್ನುತ್ತಾರೆ. ಹತ್ತಲು 1753ರಲ್ಲಿ ಗಿಲ್ಬರ್ಟ್ ವೈಟ್ ಮತ್ತು ತಮ್ಮ ಜಾನ್ ಸೇರಿ ದಾರಿ ಕಡಿಸಿದರು. ಹಾವಿನ ಹಾಗೆ ಆಚೆ ಈಚೆ ತಿರುಗುತ್ತಾ ಹೋಗುತ್ತದೆ, ಹೆಸರೇ ಜಿಗ್‌ಜ್ಯಾಗ್. 270 ವರ್ಷ ಆಯಿತು, ಜನ ಇನ್ನೂ ಅದರಲ್ಲೇ ಹತ್ತುತ್ತಾರೆ. ಯಾರೂ ಟಿಕೆಟ್ ಕೇಳುವುದಿಲ್ಲ. ಹ್ಯಾಂಗರ್ ಕಾಡು, ಮೇಲಿನ ಗೋಮಾಳ ಎರಡೂ ನ್ಯಾಷನಲ್ ಟ್ರಸ್ಟ್ ಸಂಸ್ಥೆಯದು, ಯಾವ ಹೊತ್ತಿಗೆ ಬೇಕಾದರೂ ನಡೆಯಬಹುದು.

ನನಗೆ ಅರವತ್ತೆರಡು. ನಿಂತು ನಿಂತು ಹತ್ತಿದರೂ ಅರ್ಧ ಗಂಟೆ ಸಾಕಾಯಿತು. ಆದರೆ ಚಪ್ಪಲಿಯಲ್ಲಿ ಹೋಗಬೇಡಿ. ಹಿಂದಿನ ರಾತ್ರಿ ತುಂತುರು ಬಿದ್ದಿತ್ತು. ಸುಣ್ಣದ ಮಣ್ಣು ಒದ್ದೆಯಾದರೆ ಬೆಣ್ಣೆಯ ಹಾಗೆ ಜಾರುತ್ತದೆ. ನಮ್ಮ ಜಂಬಿಟ್ಟಿಗೆ ಕಾಲು ಕಚ್ಚಿ ಹಿಡಿಯುತ್ತದೆ, ಇದು ಹಾಗಲ್ಲ. ಮಧ್ಯೆ ಮಧ್ಯೆ ಚಕಮಕಿ ಕಲ್ಲಿನ ಚೂಪು ತುಂಡುಗಳು ಬೇರೆ. ಒಂದು ಸಮಾಧಾನ ಅಂದರೆ ಉಂಬಳ ಇಲ್ಲ. ನನ್ನ ಹೆಂಡತಿ ಮೊದಲ ಹತ್ತು ನಿಮಿಷ ಅಭ್ಯಾಸದಲ್ಲಿ ಬಗ್ಗಿ ಬಗ್ಗಿ ಕಾಲು ನೋಡಿಕೊಳ್ಳುತ್ತಿದ್ದಳು.

ಅರ್ಧ ದಾರಿಯಲ್ಲಿ ನಿಂತಾಗ ಒಂದು ಬೀಚ್ ಕೊಂಬೆ ಕೈಗೆ ಸಿಗುವಷ್ಟು ಕೆಳಗೆ ಇತ್ತು. ಹೊಸ ಎಲೆ. ಬೆಳಕು ಆಚೆಯಿಂದ ಈಚೆಗೆ ಕಾಣುವಷ್ಟು ತೆಳು. ಅಂಚಿನ ಸುತ್ತ ರೇಷ್ಮೆಯ ಹಾಗೆ ಸಣ್ಣ ಸಣ್ಣ ರೋಮ, ಎಳೆ ಕೂಸಿನ ಕಿವಿಯ ಮೇಲಿರುತ್ತದಲ್ಲ, ಹಾಗೆ. ಬೆರಳಿಗೆ ಮುಟ್ಟಿದರೂ ಗೊತ್ತಾಗದಷ್ಟು ನಯ. ಎಲೆ ಬಲಿತ ಮೇಲೆ ಈ ರೋಮ ಉದುರಿ ಹೋಗುತ್ತದೆ. ಜೂನ್ ಕೊನೆಗೆ ಮತ್ತೆ ಹೋದಾಗ ಅದೇ ಮರದಲ್ಲಿ ಹುಡುಕಿದೆ, ಇರಲಿಲ್ಲ, ಎಲೆ ದಪ್ಪ ಆಗಿ ಹೊಳೆಯುತ್ತಿತ್ತು. ಮೇ ತಿಂಗಳಲ್ಲೇ ಹೋಗಿ ಅಂತ ನಾನು ಹೇಳುವುದು ಇದಕ್ಕೂ ಸೇರಿ.

ಅಲ್ಲೇ ನಿಂತಿದ್ದಾಗ ತಲೆಯ ಮೇಲೆ ಒಂದು ಪುಟ್ಟ ಹಕ್ಕಿ "ಚಿಫ್ ಚಾಫ್, ಚಿಫ್ ಚಾಫ್" ಅಂತ ಬಿಡದೆ ಹೇಳುತ್ತಿತ್ತು. ಅದರ ಹೆಸರೂ ಚಿಫ್‌ಚಾಫ್. ನಮ್ಮ ಕುಟ್ರುಹಕ್ಕಿಗೆ ಕೂಗೇ ಹೆಸರಾದ ಹಾಗೆ. ನೋಡಲು ಒಂದೇ ಥರ ಇರುವ ಮೂರು ಹಕ್ಕಿಗಳನ್ನು ಹಿಂದೆ ಎಲ್ಲರೂ ಒಂದೇ ಅಂದುಕೊಂಡಿದ್ದರು. ಕೂಗು ಕೇಳಿ, ಇವು ಮೂರೂ ಬೇರೆ ಬೇರೆ ಜಾತಿ ಅಂತ ಬಿಡಿಸಿ ಹೇಳಿದ್ದು ವೈಟ್. ದೂರದರ್ಶಕ ಇಟ್ಟುಕೊಂಡು ಅಲ್ಲ, ಇದೇ ಗುಡ್ಡದಲ್ಲಿ ನಿಂತು ಕಿವಿ ಕೊಟ್ಟು. ನಮ್ಮಲ್ಲೂ ತೋಟಕ್ಕೆ ಬರುವ ಹಳಬರು ಮರ ನೋಡದೆಯೇ "ಮಂಗಟ್ಟೆ ಬಂತು, ಹಣ್ಣಾಗಿರಬೇಕು" ಅನ್ನುತ್ತಾರೆ. ಅವರಿಗೆ ಗೊತ್ತಿರುವುದನ್ನು ಬರೆದಿಟ್ಟವರು ಕಡಿಮೆ.

ಮೇಲೆ ತಲುಪಿದರೆ ಕೆಳಗೆ ಊರು ಪೂರ್ತಿ ಕಾಣುತ್ತದೆ. ಒಂದೇ ಉದ್ದ ಬೀದಿ, ಮುಕ್ಕಾಲು ಮೈಲಿ ಅಂತ ವೈಟ್ ಬರೆದಿದ್ದಾರೆ. ಚರ್ಚಿನ ಗೋಪುರ, ಹುಲ್ಲಿನ ಗದ್ದೆಗಳು, ಆಚೆ ಮತ್ತೆ ಕಾಡು. ಅಲ್ಲಿ ಒಂದು ಮಾತು ಹೇಳಬೇಕು. ಒಂದು ಚರ್ಚಿಗೆ ಸೇರಿದ ಊರಿನ ವ್ಯಾಪ್ತಿಗೆ ಅಲ್ಲಿ ಪ್ಯಾರಿಷ್ ಅನ್ನುತ್ತಾರೆ. ಅದನ್ನು ಬಯಲುಸೀಮೆಯವರಿಗೆ ವಿವರಿಸುವುದು ಕಷ್ಟ, ಮಲೆನಾಡಿನವರಿಗೆ ಸುಲಭ. ಬಯಲಿನಲ್ಲಿ ಊರು ಅಂದರೆ ಮನೆಗಳ ಗುಂಪು. ನಮ್ಮಲ್ಲಿ ಊರು ಅಂದರೆ ಇಲ್ಲೊಂದು ಮನೆ, ಆ ಗುಡ್ಡದ ಆಚೆ ಒಂದು, ಹಳ್ಳದ ಕೆಳಗೆ ಎರಡು, ಮಧ್ಯೆ ಕಾಡು, ಬ್ಯಾಣ, ಗದ್ದೆ, ಎಲ್ಲ ಸೇರಿ ಒಂದು ಗ್ರಾಮ. ಪ್ಯಾರಿಷ್ ಹಾಗೆಯೇ. 1783ರ ಅಕ್ಟೋಬರಿನಲ್ಲಿ ಜನ ಎಣಿಸಿದಾಗ ಬೀದಿಯಲ್ಲಿ 313 ಜನ, ಬೀದಿ ಬಿಟ್ಟು ಪ್ಯಾರಿಷ್‌ನಲ್ಲಿ ಚದುರಿದ ಮನೆಗಳಲ್ಲಿ 363 ಜನ, ಒಟ್ಟು 676. ಹೊರಗಿನವರೇ ಜಾಸ್ತಿ ಇದ್ದರು ನೋಡಿ. ಹಾಗಾಗಿ ಬೀದಿ ನೋಡಿ ಸೆಲ್ಬೋರ್ನ್ ನೋಡಿದೆ ಅನ್ನಬಾರದು.

ಆ ಚದುರಿದ ಮನೆಗಳಿಗೆ ಹೋಗುತ್ತಿದ್ದ ದಾರಿಗಳು ಇನ್ನೂ ಇವೆ. ನಾನು ತುಂಬಾ ಹೊತ್ತು ಕಳೆದದ್ದು ಅವುಗಳಲ್ಲಿ. ಗಾಡಿ ಓಡಿ ಓಡಿ, ಮಳೆ ನೀರು ಹರಿದು ಹರಿದು, ಮೆತ್ತನೆ ಕಲ್ಲು ಸವೆದು ದಾರಿ ನೆಲದೊಳಗೆ ಇಳಿದು ಹೋಗಿದೆ. ಕೆಲವು ಕಡೆ ಅಕ್ಕಪಕ್ಕದ ಗದ್ದೆಯ ಮಟ್ಟದಿಂದ 16-18 ಅಡಿ ಕೆಳಗೆ ಅಂತ ವೈಟ್ ಕಾಲದಲ್ಲೇ ಲೆಕ್ಕ. ಎರಡೂ ಬದಿ ಬರೆ, ಬರೆಯಿಂದ ಹೊರಗೆ ನೇತಾಡುವ ಬೇರು, ಕಲ್ಲಿನ ಸಂದಿಯಲ್ಲಿ ಜರಿಗಿಡ, ಮೇಲೆ ಎರಡೂ ಬದಿಯ ಮರ ಸೇರಿ ಮಾಡು ಆಗಿದೆ. ನಮ್ಮ ಹಳೆಯ ಓಣಿದಾರಿಗಳೇ! ಗಾಡಿ ಹೋಗುತ್ತಿದ್ದ ಕಾಲದ, ಈಗ ಜೆಸಿಬಿ ಬಂದು ಅಗಲ ಮಾಡಿ ಬಿಡುತ್ತಿರುವ ಓಣಿಗಳು. ನಮ್ಮ ಮನೆಗೆ ಬರುವ ಓಣಿಯನ್ನು ಹತ್ತು ವರ್ಷದ ಹಿಂದೆ ನಾನೇ ಅಗಲ ಮಾಡಿಸಿದ್ದು. ಲಾರಿ ಬರಬೇಕಿತ್ತು, ಬೇರೆ ದಾರಿ ಇರಲಿಲ್ಲ. ಆ ಬರೆಯ ಜರಿ ಎಲ್ಲ ಹೋಯಿತು. ಸೆಲ್ಬೋರ್ನಿನ ಓಣಿಯಲ್ಲಿ ನಿಂತಾಗ ನಮ್ಮ ಓಣಿಯ ಒದ್ದೆ ವಾಸನೆ ಮೂಗಿಗೆ ಬಂದ ಹಾಗಾಯಿತು.

ದಾರಿ ತಪ್ಪುವ ಹೆದರಿಕೆ ಬೇಡ. ಅಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್ನೆನ್ಸ್ ಸರ್ವೆಯ 1:25,000 ನಕ್ಷೆ ಕೊಳ್ಳಿ. ಯಾವ ಕಾಲುದಾರಿಯಲ್ಲಿ ಎಲ್ಲರಿಗೂ ನಡೆಯುವ ಹಕ್ಕು ಇದೆಯೋ ಅದನ್ನು ಹಸಿರು ತುಂಡುಗೆರೆಯಲ್ಲಿ ತೋರಿಸಿರುತ್ತಾರೆ. ಯಾರದೋ ಹುಲ್ಲುಗದ್ದೆಯ ನಡುವೆ ಗೆರೆ ಇದ್ದರೂ ನಡೆಯಬಹುದು, ಯಾರೂ ಗದರುವುದಿಲ್ಲ. ನೀವು ಮಾಡಬೇಕಾದದ್ದು ಇಷ್ಟೇ, ಉಣುಗೋಲು ದಾಟಿದ ಮೇಲೆ ಮುಚ್ಚಿ ಹೋಗುವುದು. ಇದು ನಮಗೆ ಹೇಳಿಕೊಡಬೇಕಾಗಿಲ್ಲ.

ನೀರಿನ ವಿಷಯ ಹೇಳದೆ ಇರಲು ನನಗೆ ಆಗುವುದಿಲ್ಲ. ಊರಿನ ಒಂದು ಕೊನೆಯಲ್ಲಿ ವೆಲ್‌ಹೆಡ್ ಅಂತ ಒಂದು ಒರತೆ ಇದೆ. ಬರ ಬಂದರೂ ಬತ್ತಿದ್ದಿಲ್ಲ ಅಂತ ವೈಟ್ ಬರೆದಿದ್ದಾರೆ. ಸುಮ್ನೆ ಬರೆದಿಲ್ಲ, ಅಳೆದಿದ್ದಾರೆ. 1781ರ ಸೆಪ್ಟೆಂಬರ್ 14ರಂದು, ಜೋರು ಬೇಸಿಗೆ ಕಳೆದ ಮೇಲೆ, ಬಾವಿ ಕೆರೆ ಒಣಗಿದ್ದಾಗ, ಆ ಒರತೆ ನಿಮಿಷಕ್ಕೆ 9 ಗ್ಯಾಲನ್ ಕೊಡುತ್ತಿತ್ತು. ಗಂಟೆಗೆ 540, ದಿನಕ್ಕೆ 12,960 ಅಂತ ಲೆಕ್ಕ ಮಾಡಿ ಇಟ್ಟಿದ್ದಾರೆ. ನಮ್ಮ ಲೆಕ್ಕದಲ್ಲಿ ನಿಮಿಷಕ್ಕೆ 35ರಿಂದ 40 ಲೀಟರ್. ನಮ್ಮ ಮನೆಗೂ ಗುಡ್ಡದ ಅಬ್ಬಿ ನೀರೇ. ಅಜ್ಜನ ಕಾಲದಲ್ಲಿ ಅಡಿಕೆ ದಂಬೆಯಲ್ಲಿ ಬರುತ್ತಿತ್ತು, ಈಗ ಪೈಪು. ಅರವತ್ತು ವರ್ಷ ಅದನ್ನೇ ಕುಡಿದೆ, "ಈ ಸಲ ಅಬ್ಬಿ ಕಡಿಮೆ ಆಗಿದೆ" ಅಂತ ಪ್ರತಿ ಏಪ್ರಿಲ್ ಹೇಳುತ್ತಾ ಬಂದೆ, ಒಂದು ದಿನ ಅಳೆದದ್ದಿಲ್ಲ. ಈ ಏಪ್ರಿಲಿನಲ್ಲಿ ಮೊದಲ ಸಲ 15 ಲೀಟರಿನ ಬಕೆಟ್ ಇಟ್ಟು, ಮೊಬೈಲಿನಲ್ಲಿ ಹೊತ್ತು ನೋಡಿದೆ. ತುಂಬಲು 52 ಸೆಕೆಂಡು. ಎರಡು ಸಲ ಮಾಡಿದೆ, ಎರಡನೇ ಸಲವೂ ಅಷ್ಟೇ. ಇನ್ನು ಮುಂದೆ "ಕಡಿಮೆ ಆಗಿದೆ" ಅನ್ನುವಾಗ ಎಷ್ಟು ಅಂತ ಹೇಳಬಹುದು.

ಹತ್ತಿರದಲ್ಲೇ ನೋರ್ ಹಿಲ್ ಅಂತ ಇನ್ನೊಂದು ಗುಡ್ಡ. ಅದರ ಒಂದು ಕಡೆಯ ನೀರು ಆರನ್ ನದಿ ಸೇರಿ ದಕ್ಷಿಣದ ಕಡಲಿಗೆ ಹೋಗುತ್ತದೆ, ಇನ್ನೊಂದು ಕಡೆಯದು ವೇ ನದಿಯಾಗಿ ಥೇಮ್ಸ್ ಸೇರಿ ಪೂರ್ವದ ಕಡಲಿಗೆ. ಆಗುಂಬೆಯಲ್ಲಿ ನಿಂತರೆ ಸೀತಾ ನದಿಯ ನೀರು ಪಡುವಣ ಕಡಲಿಗೆ, ಮಾಲತಿಯ ನೀರು ತುಂಗೆ ಸೇರಿ ಬಂಗಾಳಕೊಲ್ಲಿಗೆ. ಒಂದೇ ಮಳೆ, ಎರಡು ದಾರಿ. ಅದನ್ನು ನಾನು ವಾಪಸ್ ಬಂದ ಮೇಲೆ ಅಳಿಯನಿಗೆ ಹೇಳಿದೆ. ಅವನು ಬೆಂಗಳೂರಿನಲ್ಲಿ ಬೆಳೆದವನು, ಅವನಿಗೆ ಗೊತ್ತಿರಲಿಲ್ಲ.

ಚರ್ಚಿಗೆ ಸಂಜೆ ಹೋಗಿ. ಅಂಗಳದಲ್ಲಿ ಒಂದು ಯೂ ಮರ ಇತ್ತು, ವೈಟ್ ಕಾಲದಲ್ಲಿ ಬುಡದ ಸುತ್ತಳತೆ 23 ಅಡಿ. 1990ರ ಜನವರಿ 25ರ ಬಿರುಗಾಳಿಗೆ ಬಿತ್ತು. ಊರಿನವರು ಅದನ್ನು ಎತ್ತಿ ಮತ್ತೆ ನೆಟ್ಟು ನೋಡಿದರು, ಬದುಕಲಿಲ್ಲ. ಬೋಳು ಬುಡ ಇನ್ನೂ ನಿಂತಿದೆ. ಅದರ ಕೊಂಬೆಯಿಂದ ಎಬ್ಬಿಸಿದ ಸಸಿಯನ್ನು ಅಲ್ಲೇ ನೆಟ್ಟಿದ್ದಾರೆ. ಸತ್ತ ಮರವನ್ನು ಸೌದೆ ಮಾಡದೆ ಇಟ್ಟುಕೊಂಡಿದ್ದಾರಲ್ಲ, ನನಗೆ ಅದು ದೊಡ್ಡ ವಿಷಯ ಅನ್ನಿಸಿತು. ವೈಟ್ ಸಮಾಧಿ ಹುಡುಕಲು ಹೊತ್ತು ಹಿಡಿಯುತ್ತದೆ. ಮೊಣಕಾಲೆತ್ತರದ ಒಂದು ಸಣ್ಣ ಕಲ್ಲು, ಅದರ ಮೇಲೆ ಹೆಸರೂ ಪೂರ್ತಿ ಇಲ್ಲ. ಜಿ. ಡಬ್ಲ್ಯೂ., 26 ಜೂನ್ 1793, ಅಷ್ಟೇ. ಒಳಗೆ ಬಣ್ಣದ ಗಾಜಿನ ಕಿಟಕಿ ಒಂದಿದೆ, ಸಂತ ಫ್ರಾನ್ಸಿಸ್ ಸುತ್ತ ಹಕ್ಕಿಗಳು, ವೈಟ್ ಬರೆದ ಹಕ್ಕಿಗಳೇ ಎಲ್ಲ. ಪಶ್ಚಿಮದ ಬೆಳಕು ಇರುವಾಗ ನೋಡಿ ಹೊರಗೆ ಬಂದರೆ ಗೋಪುರದ ಸುತ್ತ ಸ್ವಿಫ್ಟ್ ಹಕ್ಕಿಗಳು ಕಿರುಚುತ್ತಾ ಸುತ್ತು ಹಾಕುತ್ತಿರುತ್ತವೆ, ಮೇ ಮಧ್ಯದ ಮೇಲೆ ಹೋದರೆ. ವೈಟ್ ಊರಿನಲ್ಲಿ ವರ್ಷ ವರ್ಷವೂ ಎಣಿಸಿ, ಪ್ರತಿ ವರ್ಷ ಎಂಟು ಜೋಡಿ ಅಂತ ಬರೆದಿದ್ದರು. ನಾನೂ ಎಣಿಸಲು ಹೋದೆ. ಅವು ನಿಲ್ಲುವುದೇ ಇಲ್ಲ, ಐದರವರೆಗೆ ಎಣಿಸಿದರೆ ಮೊದಲನೆಯದು ಯಾವುದು ಅಂತ ಮರೆತು ಹೋಗುತ್ತದೆ. ಅದನ್ನು ವರ್ಷಗಟ್ಟಲೆ ಮಾಡಿದ ಮನುಷ್ಯನ ತಾಳ್ಮೆ ಎಷ್ಟಿರಬೇಡ!

ಉಳಿಯುವ ವಿಷಯಕ್ಕೆ ಬರುತ್ತೇನೆ, ಇಲ್ಲಿ ನಮಗೆ ಬೇಜಾರಾಯಿತು. ಊರಿನಿಂದ ಆಚೆ ಒಂದು ಕಡೆ ಕೋಣೆ, ಬೆಳಗಿನ ತಿಂಡಿ ಸೇರಿಸಿ ಹಿಡಿದಿದ್ದೆವು. ಹೆಸರು ಬೇಡ. ಮೊಟ್ಟೆ ಮಾಂಸ ತಿನ್ನುವುದಿಲ್ಲ ಅಂತ ಮಗಳು ಮೊದಲೇ ಬರೆದು ತಿಳಿಸಿದ್ದಳು, ಸರಿ ಅಂತ ಉತ್ತರವೂ ಬಂದಿತ್ತು. ಬೆಳಿಗ್ಗೆ ಕೂತಾಗ ಅವರಿಗೆ ನೆನಪೇ ಇರಲಿಲ್ಲ. ತಟ್ಟೆಯಲ್ಲಿದ್ದದ್ದನ್ನು ತೆಗೆದು, ಅದೇ ತಟ್ಟೆಗೆ ಎರಡು ಬ್ರೆಡ್ಡು ಹಾಕಿ ತಂದರು. ಹೆಂಡತಿ ಮುಟ್ಟಲಿಲ್ಲ. ಎರಡು ದಿನವೂ ಅವಳು ತಂದಿದ್ದ ಅವಲಕ್ಕಿ, ಅಪ್ಪೆಮಿಡಿ ಉಪ್ಪಿನಕಾಯಿಯೇ ನಮ್ಮನ್ನು ಕಾಪಾಡಿತು. ಬರೆದು ತಿಳಿಸಿದರೆ ಸಾಲದು, ಹೋದ ರಾತ್ರಿಯೇ ಅಡುಗೆಯವರಿಗೆ ಮುಖಾಮುಖಿ ಹೇಳಿ. ಅಥವಾ ಆಲ್ಟನ್ ಪೇಟೆಯಲ್ಲೇ ಉಳಿದು ದಿನಾ ಬಂದು ಹೋಗಿ, ಅಲ್ಲಿ ತಿನ್ನಲು ನಾಲ್ಕು ಜಾಗ ಸಿಗುತ್ತದೆ. ಸಂಜೆ ಊರಿನ ಪಬ್ಬಿನಲ್ಲಿ ಬಿಸಿ ತರಕಾರಿ ಸೂಪು, ಬ್ರೆಡ್ಡು ಸಿಕ್ಕಿತು. ಪಬ್ಬು ಅಂತ ಹೆದರಬೇಡಿ, ನಮ್ಮ ವಯಸ್ಸಿನವರೇ ಮನೆಯವರನ್ನು ಕರೆದುಕೊಂಡು ಬಂದು ಕೂತಿರುತ್ತಾರೆ. ಸ್ಕೋನ್ ಅಂತ ಒಂದು ಸಿಗುತ್ತದೆ, ಜಾಮು, ಕೆನೆ ಹಾಕಿ ಟೀ ಜೊತೆ ಕೊಡುತ್ತಾರೆ. ಹೆಂಡತಿಗೆ ತುಂಬಾ ಇಷ್ಟವಾಯಿತು. ಮೊಟ್ಟೆ ಹಾಕಿದ್ದಾರಾ ಅಂತ ಕೇಳಿಯೇ ತಿನ್ನಿ, ಕೆಲವರು ಹಾಕುತ್ತಾರೆ.

ಯಾರು ಹೋಗಬಾರದು ಅಂತಲೂ ಹೇಳಿಬಿಡುತ್ತೇನೆ. ಮಂಡಿ ನೋವು ಜೋರಾಗಿ ಇದ್ದವರಿಗೆ ಜಿಗ್‌ಜ್ಯಾಗ್ ಕಷ್ಟ. ಅವರಿಗೆ ಬೋಸ್ಟಲ್ ಅಂತ ಇನ್ನೊಂದು ದಾರಿ ಇದೆ, 1780ರಲ್ಲಿ ಕಡಿಸಿದ್ದು, ಗುಡ್ಡದ ಮೈಗೆ ಓರೆಯಾಗಿ ಏರುತ್ತದೆ, ಆದರೂ ಏರು ಏರೇ. ಅದೂ ಆಗದಿದ್ದರೆ ಚರ್ಚಿನ ಹಿಂದಿನಿಂದ ಇಳಿದು ಲಿಥ್ ಅನ್ನುವ ಜಾಗದ ಕಡೆಗೆ ಹಳ್ಳದ ಪಕ್ಕ ನಡೆಯಿರಿ, ಅದು ಮೆತ್ತಗಿದೆ. ಅಂಗಡಿ ಸುತ್ತುವ ಆಸೆ ಇದ್ದವರಿಗೆ ಇಲ್ಲಿ ಏನೂ ಇಲ್ಲ. ಒಂದೇ ದಿನದಲ್ಲಿ ನಾಲ್ಕು ಊರು ನೋಡಬೇಕು ಅನ್ನುವವರೂ ಬೇಡ. ಆಲ್ಟನ್ ಪಕ್ಕದ ಚಾಟನ್‌ನಲ್ಲಿ ಕಾದಂಬರಿಗಾರ್ತಿ ಜೇನ್ ಆಸ್ಟೆನ್ 1809ರಿಂದ 1817ರವರೆಗೆ ಇದ್ದ ಮನೆ ಇದೆ, ಅದನ್ನೂ ಇದನ್ನೂ ಒಂದೇ ದಿನ ಮುಗಿಸಿ ಅಂತ ಎಲ್ಲರೂ ಹೇಳುತ್ತಾರೆ. ಮಗಳು ಹಾಗೆ ಮಾಡಿಸಿದ್ದಕ್ಕೇ ಮೊದಲ ಸಲ ಗುಡ್ಡ ತಪ್ಪಿದ್ದು. ಬೇರೆ ದಿನ ಇಟ್ಟುಕೊಳ್ಳಿ.

ನನ್ನ ಮಾರ್ಕು: ಮನೆ ಮತ್ತು ತೋಟಕ್ಕೆ ಐದಕ್ಕೆ ನಾಲ್ಕು, ಗುಡ್ಡ ಮತ್ತು ಓಣಿಗಳಿಗೆ ಐದಕ್ಕೆ ಐದು, ನಾವು ಉಳಿದ ಕೋಣೆಗೆ ಎರಡು. ಬೆಳಿಗ್ಗೆ ಹತ್ತಕ್ಕೆ ಊರಿನಲ್ಲಿರಿ, ಮನೆ ನೋಡಿ, ಮಧ್ಯಾಹ್ನ ಗುಡ್ಡ ಹತ್ತಿ ಮೇಲೆ ಬುತ್ತಿ ಬಿಚ್ಚಿ, ಓಣಿಯಲ್ಲಿ ಇಳಿದು ಸಂಜೆ ಚರ್ಚಿಗೆ ಬನ್ನಿ. ಒಳ್ಳೆ ಹಿಡಿತದ ಶೂ, ತೆಳು ಸ್ವೆಟರು, ಕೊಡೆ ಇರಲಿ. ಮೇಲೆ ಗೋಮಾಳದಲ್ಲಿ ಫೋನು ಸರಿಯಾಗಿ ಸಿಗಲಿಲ್ಲ ನಮಗೆ, ಆದ್ದರಿಂದ ಕಾಗದದ ನಕ್ಷೆಯೇ ಕೈಯಲ್ಲಿರಲಿ. ವಾಪಸ್ ಆಲ್ಟನ್‌ಗೆ ಕೊನೆಯ ಬಸ್ಸು ಎಷ್ಟಕ್ಕೆ ಅಂತ ಬೆಳಿಗ್ಗೆ ಇಳಿಯುವಾಗಲೇ ಡ್ರೈವರನ್ನು ಕೇಳಿಟ್ಟುಕೊಳ್ಳಿ.